ಗಾಡಿಗೊಂದು, ಮಾವನವರಿಗೊಂದು

ಮನೆ ಬಿಟ್ಟು ಹೊರಟರೂ ಮನೆಯ ಅನುಕೂಲವನ್ನು ಬಿಡಲೊಲ್ಲದವರು ಜಗತ್ತಿನಲ್ಲೆಲ್ಲ ಇದ್ದಾರೆ. ಹೊರದೇಶಗಳಲ್ಲಿ ಅವರು ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಕಟ್ಟಿಕೊಂಡು ಕಾಡು ಕಡಲುಗಳ ದಡಕ್ಕೆ ಹೋಗಿ ತಂಗುತ್ತಾರೆ. ನೆರೆಯ ಕೇರಳ ಸರ್ಕಾರವು 2021ರಲ್ಲಿ ಇಂತಹ ಸಂಚಾರಿ ಮನೆಗಳಿಗಾಗಿ ಒಂದು ಪ್ರವಾಸ ಯೋಜನೆಯನ್ನೇ ಹೊರಡಿಸಿತು. ನಮ್ಮ ಮಂಗಳೂರಿನಲ್ಲಿ ಅದಿನ್ನೂ ಅಪರೂಪದ ಶೋಕಿ. ಆ ಅಪರೂಪದವರಲ್ಲಿ ನಮ್ಮ ಭಾವನವರೂ ಒಬ್ಬರೆಂಬುದು ನನ್ನ ಪುಣ್ಯವೋ ಪಾಪವೋ ನಾನರಿಯೆ.

ಮೂರು ವರ್ಷಗಳ ಹಿಂದೆ ಅವರು ಒಂದು ಹಳೆಯ ವ್ಯಾನನ್ನು ಕೊಂಡು, ಹಿಂದಿನ ಆಸನಗಳ ಜಾಗದಲ್ಲಿ ಎರಡು ಮಂಚ, ಒಂದು ಕಪಾಟು, ಒಂದು ಗ್ಯಾಸ್ ಒಲೆ ಇರಿಸಿದರು. ಗಾಡಿಯ ರೂಪವು ನೋಂದಣಿ ಪುಸ್ತಕದಲ್ಲಿರುವುದಕ್ಕಿಂತ ಬೇರೆಯಾಗಬೇಕಾದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಅಪ್ಪಣೆ ಬೇಕು. ಅದಕ್ಕಾಗಿ ಅವರು ಅಲೆದ ಅಲೆದಾಟವೇ ಇನ್ನೊಂದು ವಾರದ ಅಂಕಣಕ್ಕೆ ಸಾಲುವಷ್ಟಿದೆ. ಇಂದು ಅದು ಬೇಡ. ಇಂದು ನಾನು ಬರೆಯಹೊರಟಿರುವುದು ಬ್ಯಾಟರಿಯ ಸಂಗತಿ. ವಾಚಕ ಸೋದರಿಯರು ಪುಟ ತಿರುವಬಾರದು. ಇದರಲ್ಲಿ ಮಿಕ್ಸಿಯ ಪ್ರಸ್ತಾಪವೂ ಬರುತ್ತದೆ.

ಭಾವನವರ ತಂದೆಗೆ, ಎಂದರೆ ನನಗೆ ಮಾವನವರಿಗೆ, ಎಪ್ಪತ್ತೆಂಟು ವರ್ಷ. ಅವರ ಮೂಲ ತೋಟವಿರುವುದು ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಬುಡಕ್ಕೆ. ಹಳೆಯ ಮನೆ ಒಂದು ಮಳೆಗಾಲದಲ್ಲಿ ಕುಸಿದು ಬಿದ್ದಿತು. ವಿದ್ಯುತ್ತಿನ ತಂತಿಯೂ ಅಂದೇ ಹೋಯಿತು. ಉಳಿದಿರುವುದು ಅಡಿಕೆಯ ಮರಗಳು, ಒಂದು ಬಾವಿ ಮತ್ತು ನಾಗಬನ. ಪ್ರತಿ ವರ್ಷ ನಾಗರ ಪಂಚಮಿಯಂದು ಅಲ್ಲಿ ತನು ತಂಬಿಲ ನಡೆಯಬೇಕು. ಹಿಂದಿನ ರಾತ್ರಿ ಅಲ್ಲಿಯೇ ಮಲಗಿ, ಬೆಳಗ್ಗೆ ಆ ಬಾವಿಯ ನೀರಿನಲ್ಲಿ ಮಿಂದು ಬನಕ್ಕೆ ಹಾಲೆರೆಯಬೇಕೆಂಬುದು ಮಾವನವರ ಹಂಬಲ. ಉಜಿರೆಯಲ್ಲಿ ವಸತಿಗೃಹಗಳಿಲ್ಲವೆ? ಇವೆ. “ವಸತಿಗೃಹದಿಂದ ಹೊರಟವನು ನೆಂಟ, ಮಗಾ. ನಾನು ಅಲ್ಲಿಗೆ ನೆಂಟನಲ್ಲ” ಎಂದುಬಿಟ್ಟರು ಅವರು.

ಆದರೆ ಮಾವನವರಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ರಾತ್ರಿಯಿಡೀ ಮೂಗಿಗೆ ಒಂದು ಮುಖವಾಡ ಕಟ್ಟಿ, ಹದವಾದ ಒತ್ತಡದಲ್ಲಿ ಗಾಳಿಯನ್ನು ಒಳನೂಕುವ ಯಂತ್ರವೊಂದಿದೆ. ಸಿಪ್ಯಾಪ್ ಎಂದು ಅದರ ಹೆಸರು. ಅದಿಲ್ಲದೆ ಒಂದು ರಾತ್ರಿಯನ್ನೂ ಕಳೆಯಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಭಾವನವರು ವ್ಯಾನನ್ನು ಕೊಂಡದ್ದರ ಗುಟ್ಟು ಆಗ ನನಗೆ ತಿಳಿಯಿತು. ಶೋಕಿಯೆಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದುದು ಬರಿಯ ನೆಪ.

ಹೋದ ವರ್ಷದ ಪಂಚಮಿಗೆ ನಾನೂ ಜೊತೆಗಿದ್ದೆ. ವ್ಯಾನಿನ ಬ್ಯಾಟರಿಗೆ ಒಂದು ಸಣ್ಣ ಇನ್ವರ್ಟರನ್ನು ಸಿಕ್ಕಿಸಿ ಯಂತ್ರವನ್ನು ಓಡಿಸಿದೆವು. ಹತ್ತು ಗಂಟೆಗೆ ಮಾವನವರು ಮಲಗಿದರು. ಹೊರಗೆ ಧೋ ಎಂದು ಮಳೆ. ರಾತ್ರಿ ಮೂರರ ಸುಮಾರಿಗೆ ಇನ್ವರ್ಟರು ಕೀಂ ಎಂದು ಕೂಗಿಕೊಂಡಿತು, ಯಂತ್ರ ನಿಂತಿತು. ಮಾವನವರು ತಡಬಡಿಸಿ ಎದ್ದು ಕುಳಿತರು. ಭಾವನವರು ಇಂಜಿನನ್ನಾದರೂ ಓಡಿಸಿ ಬ್ಯಾಟರಿಗೆ ಜೀವ ತುಂಬೋಣವೆಂದು ಕೀಲಿ ತಿರುವಿದರೆ ‘ಟಕ್’ ಎಂಬೊಂದು ಸದ್ದಲ್ಲದೆ ಬೇರೇನೂ ಇಲ್ಲ. ಬೆಳಗಿನವರೆಗೆ ಮಾವನವರನ್ನು ದಿಂಬಿಗೆ ಒರಗಿಸಿ ಕೂರಿಸಿ, ನಿದ್ರೆ ಹತ್ತದಂತೆ ಮಾತಾಡಿಸುತ್ತ ಕುಳಿತೆವು. ಅವರು ನಗುನಗುತ್ತಲೇ ತಮ್ಮ ಬಾಲ್ಯದ ಕತೆಗಳನ್ನು ಹೇಳಿದರು. ದೀವಟಿಗೆಯ ಬೆಳಕಿನ ಯಕ್ಷಗಾನವನ್ನು ಅವರ ತಂದೆ ನೋಡಿದ್ದರಂತೆ, ಇವರು ನೋಡಿದ್ದು ಗ್ಯಾಸ್‌ಲೈಟಿನದು; ಗ್ಯಾಸ್‌ಲೈಟಿಗೆ ಗಾಳಿ ಹೊಡೆಯುವವನು ನಿದ್ದೆ ಹೋಗಿ ರಾವಣನು ಕತ್ತಲಲ್ಲೇ ಅಬ್ಬರಿಸಿದನಂತೆ. ಭಾವನವರು ಮಾತ್ರ ನಗಲಿಲ್ಲ. ಬೆಳಗ್ಗೆ ನೆರೆಯ ತೋಟದವರ ಜೀಪು ಬಂದು ತಂತಿ ಕೊಟ್ಟ ಮೇಲೆಯೇ ನಮ್ಮ ಗಾಡಿ ಹೊರಟಿತು.

ಊರಿಗೆ ಮರಳಿದ ಮೇಲೆ ಭಾವನವರು ಒಂದು ಹಂಚಿಕೆ ಹೂಡಿದರು. ಮನೆಯ ಇನ್ವರ್ಟರಿನದೊಂದು ಹಳೆಯ ಬ್ಯಾಟರಿ ಮೂಲೆಯಲ್ಲಿತ್ತು. ಅದರ ಜೊತೆಗೆ ಹೊಸದೊಂದನ್ನು ಕೊಂಡು, ಎರಡನ್ನೂ ಜೋಡಿಸಿ ಮಾವನವರ ಮಂಚದ ಕೆಳಗೆ ಇಟ್ಟುಬಿಡುವುದು. ಮಾರುವ ಅಂಗಡಿಯಾತನೂ “ಇಡಿ, ಏನಾಗುವುದಿಲ್ಲ” ಎಂದನು. ಅಷ್ಟರಲ್ಲಿ ನನಗೆ ಬಂದರಿನ ದಕ್ಕೆಯಲ್ಲಿ ಮೀನುಗಾರಿಕೆಯ ದೋಣಿಗಳಿಗೆ ವಯರಿಂಗ್ ಮಾಡುವ ಒಬ್ಬ ಹಿರಿಯರ ನೆನಪಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಷ್ಟೆ. ದೋಣಿಗಳೆಲ್ಲ ದಡದಲ್ಲಿ ಒತ್ತೊತ್ತಾಗಿ ನಿಂತು ದುರಸ್ತಿಗೆ ಒಳಗಾಗುವ ಕಾಲವದು. ಈ ವರ್ಷದ ಆ ರಜೆಯಲ್ಲಿ ಭಾವನವರನ್ನು ಅಲ್ಲಿಗೆ ಕರೆದೊಯ್ದೆ.

ಹಿರಿಯರು ಕತೆಯನ್ನೆಲ್ಲ ಕೇಳಿ, ಒಂದು ದೋಣಿಯ ಇಂಜಿನ್ ಕೋಣೆಗೆ ನಮ್ಮನ್ನು ಇಳಿಸಿದರು. “ನೋಡಿ ಸ್ವಾಮೀ, ಇದು ಇಂಜಿನಿಗೆ. ಇದು ದೀಪಕ್ಕೆ, ವೈರ್‌ಲೆಸ್ಸಿಗೆ. ಇದರ ಅನ್ನವನ್ನು ಅದು ಉಣ್ಣಬಾರದು. ನಡುಗಡಲಲ್ಲಿ ಜೀಪಿನವರು ಬರುವುದಿಲ್ಲ” ಎಂದರು.

ಗಾಡಿಯ ಬ್ಯಾಟರಿಯ ಹುಟ್ಟುಗುಣವನ್ನು ಅವರು ವಿವರಿಸಿದ ಬಗೆ ನನಗೆ ಮೆಚ್ಚುಗೆಯಾಯಿತು. ಇಂಜಿನನ್ನು ಎಬ್ಬಿಸುವ ಬ್ಯಾಟರಿಯ ಒಳಗೆ ತೆಳ್ಳನೆಯ ಸೀಸದ ತಗಡುಗಳು ಬಹಳ. ಒಂದೆರಡು ಕ್ಷಣ ನೂರಾರು ಆಂಪಿಯರು ಕೊಡಲು ಅದಕ್ಕೆ ಸಾಧ್ಯ. ಇಡೀ ರಾತ್ರಿ ತೊಟ್ಟು ತೊಟ್ಟಾಗಿ ಹಿಂಡಿ ಬರಿದುಮಾಡಿದರೆ ತಗಡುಗಳೇ ಹಾಳಾಗುತ್ತವೆ. ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯ ತಗಡು ದಪ್ಪ. ಅದು ನಿಧಾನದ ದುಡಿಮೆಗೆ ಹೇಳಿಸಿದ್ದು. ಆದರೂ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದನ್ನು ರೂಢಿ ಮಾಡಿಕೊಂಡರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಫ್ರಾನ್ಸಿನ ಪ್ಲಾಂತೆ ಎಂಬಾತನು 1859ರಲ್ಲಿ ಸೀಸದ ಬ್ಯಾಟರಿಯನ್ನು ಕಂಡುಹಿಡಿದನು. ಇಂದಿಗೂ ಬಹುಮಟ್ಟಿಗೆ ಸೀಸ ಮತ್ತು ಗಂಧಕಾಮ್ಲದ ಅದೇ ಸಂಸಾರ.

ಹಳೆಯದನ್ನು ಹೊಸದಕ್ಕೆ ಜೋಡಿಸುವ ಮಾತು ಬಂದಾಗ ಹಿರಿಯರು ಕಿವಿ ಮುಚ್ಚಿಕೊಂಡರು. “ಕಂಬಳಕ್ಕೆ ಒಂದು ಮುದಿ ಕೋಣ, ಒಂದು ಪ್ರಾಯದ ಕೋಣ ಕಟ್ಟುತ್ತೀರಾ?” ಹಳೆಯದು ಚಾರ್ಜನ್ನು ಹಿಡಿದಿಟ್ಟುಕೊಳ್ಳಲಾರದೆ ಹೊಸದರಿಂದ ಹೀರುತ್ತಲೇ ಇರುತ್ತದೆ, ಆರು ತಿಂಗಳಲ್ಲಿ ಎರಡೂ ಮುದಿಯೇ. ಜೋಡಿಸುವುದಾದರೆ ಒಂದೇ ಜಾತಿ, ಒಂದೇ ಅಳತೆ, ಒಂದೇ ಪ್ರಾಯದವು ಬೇಕು. ಜೋಡಿಸಿದ ಮೇಲೆ ಧನದ ತಂತಿಯನ್ನು ಮೊದಲನೆಯದರಿಂದಲೂ ಋಣದ ತಂತಿಯನ್ನು ಎರಡನೆಯದರಿಂದಲೂ ಹೊರಗೆ ತರಬೇಕು. ಎರಡನ್ನೂ ಒಂದರಿಂದಲೇ ತೆಗೆದರೆ ಹತ್ತಿರದ್ದು ದುಡಿದು ಸಾಯುತ್ತದೆ, ದೂರದ್ದು ಸೋಮಾರಿಯಾಗುತ್ತದೆ. ಇದು ಅವಿಭಕ್ತ ಕುಟುಂಬಗಳಲ್ಲಿಯೂ ಕಂಡುಬರುವ ಸಂಗತಿಯೆಂದು ಭಾವನವರು ನನ್ನ ಕಡೆಗೆ ನೋಡಿ ಹೇಳಿದ್ದೇಕೋ ತಿಳಿಯದು.

ಇನ್ನು ಮಂಚದ ಕೆಳಗಿಡುವ ವಿಚಾರ. ನೀರು ತುಂಬಿಸುವ ಸೀಸದ ಬ್ಯಾಟರಿ ಚಾರ್ಜಾಗುವಾಗ ಜಲಜನಕವನ್ನು ಹೊರಗೆ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದೇ ಕೋಣೆಯಲ್ಲಿ ಅಕ್ಕನ ಗ್ಯಾಸ್ ಒಲೆ! ಅಂಗಡಿಯಾತನ “ಏನಾಗುವುದಿಲ್ಲ” ಎಂಬ ಮಾತನ್ನು ನೆನೆದರೆ ಈಗಲೂ ನನ್ನ ಮೈ ಬಿಸಿಯಾಗುತ್ತದೆ. ಅಂತಹ ಬ್ಯಾಟರಿಯನ್ನು ಇಡಲೇಬೇಕಾದರೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು, ಅದರ ಗಾಳಿಗೆ ಗಾಡಿಯ ಹೊರಗೇ ದಾರಿ ಮಾಡಬೇಕು. ಸಣ್ಣ ಜನರೇಟರು ಸಾಲದೆ ಎಂದು ಕೇಳುವವರಿಗೂ ಒಂದು ಮಾತು: ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿರುತ್ತದೆ, ಜನ ಮಲಗಿದ ಮುಚ್ಚಿದ ಗಾಡಿಯ ಪಕ್ಕದಲ್ಲಿ ಅದನ್ನು ಓಡಿಸುವುದು ಯಮನಿಗೆ ಕರೆಯೋಲೆ.

“ಮೊದಲು ಲೆಕ್ಕ ಬರೆಯಿರಿ, ಆಮೇಲೆ ಬ್ಯಾಟರಿ ಕೊಳ್ಳಿ” ಎಂದರು ಹಿರಿಯರು. ಅಂದು ರಾತ್ರಿ ಅಕ್ಕನ ಅಡುಗೆಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದೆವು. ಮಾವನವರ ಯಂತ್ರಕ್ಕೆ ಸುಮಾರು 40 ವಾಟ್; ಎಂಟು ಗಂಟೆಗೆ 320 ವಾಟ್-ಗಂಟೆ. ಗಾಳಿಗೆ ತೇವ ಕೂಡಿಸುವ ಬಿಸಿನೀರಿನ ಬಟ್ಟಲನ್ನೂ ಹಚ್ಚಿದರೆ ಇದು ಎರಡು ಪಟ್ಟಿಗೂ ಏರಬಹುದು. ಹೋದ ವರ್ಷ ನಾವು ಅದನ್ನು ಆರಿಸಲು ಮರೆತಿದ್ದೆವು. ವೈದ್ಯರನ್ನು ಕೇಳಿದಾಗ ಒಂದೆರಡು ರಾತ್ರಿ ಅದಿಲ್ಲದಿದ್ದರೆ ಬಾಧಕವಿಲ್ಲವೆಂದರು. ಶ್ರಾವಣದ ಚಾರ್ಮಾಡಿಯ ಗಾಳಿಗೆ ಇನ್ನಷ್ಟು ತೇವವನ್ನು ಬೇರೆ ಕೂಡಿಸಬೇಕೆ? ಎರಡು ಎಲ್‌ಇಡಿ ದೀಪಗಳಿಗೆ 50, ಫೋನುಗಳಿಗೆ 30. ಒಟ್ಟು 400. ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸುವ ಇನ್ವರ್ಟರು ತನ್ನ ಸುಂಕವಾಗಿ ನೂರಕ್ಕೆ ಹತ್ತು ಹದಿನೈದನ್ನು ಕಿತ್ತುಕೊಳ್ಳುತ್ತದೆ. ಆದ್ದರಿಂದ 450 ಎನ್ನೋಣ. ಯಂತ್ರಕ್ಕೆ ನೇರವಾಗಿ ಬ್ಯಾಟರಿಯಿಂದಲೇ ಉಣಿಸುವ ಅಡಾಪ್ಟರು ಸಿಕ್ಕಿದರೆ ಆ ಸುಂಕ ಉಳಿಯುತ್ತದೆ.

ಆಗ ಅಕ್ಕ ಕೇಳಿದಳು: “ಹಾಗಾದರೆ ಚಟ್ನಿಗೆ ಮಿಕ್ಸಿ ಇಲ್ಲವೆ? ಕಲ್ಲಿನಲ್ಲಿ ಅರೆಯಲು ನನ್ನಿಂದಾಗದು.” 500 ವಾಟ್‌ನ ಮಿಕ್ಸಿ ಎಂದೊಡನೆ ಭಾವನವರು ಹೌಹಾರಿದರು. ಲೆಕ್ಕ ಹಾಕಿ ನೋಡಿದರೆ ಎರಡು ನಿಮಿಷಕ್ಕೆ ತಗಲುವುದು ಬರೇ 17 ವಾಟ್-ಗಂಟೆ! ತೊಂದರೆ ಅದರ ಮೊತ್ತದಲ್ಲಿಲ್ಲ, ರಭಸದಲ್ಲಿದೆ. ಆ ಎರಡು ನಿಮಿಷ ತಂತಿಯಲ್ಲಿ 42 ಆಂಪಿಯರಿಗಿಂತ ಹೆಚ್ಚು ಹರಿಯುತ್ತದೆ. ಸಣಕಲು ತಂತಿಯಾದರೆ ಕಾದು ಕರಗೀತು. ತಂತಿ ದಪ್ಪವಿರಬೇಕು, ಬ್ಯಾಟರಿಯ ಧನದ ತುದಿಯಿಂದ ಗೇಣಿನೊಳಗೇ ಫ್ಯೂಸು ಇರಬೇಕು. ಮಿಕ್ಸಿ ಮಂಜೂರಾಯಿತು. 1500 ವಾಟ್‌ನ ನೀರು ಕಾಯಿಸುವ ಕೆಟಲು ನಾಮಂಜೂರಾಯಿತು.

ಒಂದು ರಾತ್ರಿಗೆ 450 ಆದರೆ, ಮಳೆಗೆ ದಾರಿ ಕಟ್ಟಿ ಇನ್ನೊಂದು ರಾತ್ರಿ ಉಳಿಯಬೇಕಾಗಿ ಬಂದರೆ 900. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿರುವುದು 1200. ಅದರ ಅರ್ಧ 600 ಮಾತ್ರ ನಮಗೆ ದಕ್ಕುವುದು. ಆದ್ದರಿಂದ ಎರಡು ಬೇಕು. ಒಂದೊಂದೂ 30 ಕಿಲೋ ಮೀರಿದ ಭಾರ. ಲಿಥಿಯಂ ಐರನ್ ಫಾಸ್ಫೇಟಿನದಾದರೆ ಅಷ್ಟೇ ಅಳತೆಯದು ಹನ್ನೆರಡು ಕಿಲೋದ ಆಸುಪಾಸು. 1280ರಲ್ಲಿ ಐದರಲ್ಲಿ ನಾಲ್ಕು ಪಾಲು ಧಾರಾಳವಾಗಿ ಬಳಸಬಹುದು. ಸಾವಿರಾರು ಬಾರಿ ತುಂಬಿ ಬರಿದುಮಾಡಿದರೂ ಬಾಳುತ್ತದೆ. ಚಾರ್ಜಾಗುವಾಗ ಜಲಜನಕದ ಭಯವಿಲ್ಲ. ಈ ದ್ರವ್ಯದ ಗುಣವನ್ನು 1997ರಲ್ಲಿ ಪ್ರಕಟಿಸಿದವರು ಗುಡೆನಫ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು. ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂದಾಗ ಗುಡೆನಫ್‌ರಿಗೆ 97 ವರ್ಷ. ಮಾವನವರಿಗೆ ಇದನ್ನು ಹೇಳಿದೆ. “ಹಾಗಾದರೆ ನಾನಿನ್ನೂ ಹುಡುಗ” ಎಂದರು.

ಬೆಲೆ ಮಾತ್ರ ಹೆಚ್ಚು. ಲೆಕ್ಕದ ಪ್ರಕಾರ ಲಿಥಿಯಂ ಒಂದೇ ಸಾಕು. ಭಾವನವರು ಎರಡು ಕೊಂಡರು. ಉಳಿದೆಲ್ಲ ವಿಷಯಗಳಲ್ಲಿ ಅವರ ದುಂದನ್ನು ಆಕ್ಷೇಪಿಸುವ ನಾನು ಈ ಬಾರಿ ಬಾಯಿ ಬಿಡಲಿಲ್ಲ.

ದಕ್ಕೆಯ ಹಿರಿಯರೇ ಬಂದು ಕೂರಿಸಿಕೊಟ್ಟರು. ಭಾರ ಹಿಂಬದಿಗೆ ಬಿದ್ದರೆ ಗಾಡಿ ತಿರುವಿನಲ್ಲಿ ಬಾಲ ಬೀಸುತ್ತದೆಂದು ಚಕ್ರದ ಅಚ್ಚಿಗೆ ಹತ್ತಿರ, ತಗ್ಗಿನಲ್ಲಿ, ರಬ್ಬರಿನ ಹಾಸಿನ ಮೇಲಿಟ್ಟು ಉಕ್ಕಿನ ಪಟ್ಟಿಯಿಂದ ಚಾಸಿಗೆ ಬಿಗಿದರು. ಸರಕ್ಕನೆ ಬ್ರೇಕು ಹಾಕಿದಾಗ ಕಟ್ಟಿಲ್ಲದ ಬ್ಯಾಟರಿ ಗುಂಡಿನಂತೆ ಮುಂದಕ್ಕೆ ಹಾರುತ್ತದೆಯಂತೆ. ಕಡಲ ಗಾಳಿಯ ಉಪ್ಪಿಗೆ ಹಸಿರು ಕಿಲುಬು ಹಿಡಿಯದಂತೆ ತುದಿಗಳಿಗೆ ವ್ಯಾಸಲಿನ್ ಸವರಿದರು. ಇಂಜಿನಿನಿಂದ ಈ ಬ್ಯಾಟರಿಗಳಿಗೆ ನೇರ ತಂತಿ ಎಳೆಯಲಿಲ್ಲ. ನಡುವೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರು ಇಟ್ಟರು. ಇಂಜಿನು ಓಡುವಾಗ ಮಾತ್ರ ಅದು ಹದವರಿತು ತುಂಬಿಸುತ್ತದೆ, ನಿಂತಾಗ ಬಾಗಿಲು ಹಾಕಿಕೊಳ್ಳುತ್ತದೆ. ಮಂಗಳೂರಿನಿಂದ ಚಾರ್ಮಾಡಿಗೆ ಎರಡೂವರೆ ಗಂಟೆಯ ದಾರಿಯಾದರೆ ಸಾವಿರ ವಾಟ್-ಗಂಟೆ ದಾರಿಯಲ್ಲಿಯೇ ತುಂಬುತ್ತದೆ! ಮಾಡಿನ ಮೇಲೆ ಸೌರ ಫಲಕವೇಕೆ ಬೇಡವೆಂದು ಕೇಳಿದೆ. “ಡಿಸೆಂಬರಿನಲ್ಲಿ ಕಡಲ ದಂಡೆಗೆ ಹೋಗುವುದಾದರೆ ಹಾಕುವ. ಪಂಚಮಿಯ ಮಳೆಗೆ, ಅಡಿಕೆಯ ನೆರಳಿಗೆ ಅದು ಬರೇ ಅಲಂಕಾರ” ಎಂದರು.

ಕೊನೆಗೊಂದು ಮೀಟರು. ಸೀಸದ ಬ್ಯಾಟರಿ ದಣಿದಂತೆ ಅದರ ವೋಲ್ಟೇಜು ಇಳಿದು ಸೂಚನೆ ಕೊಡುತ್ತದೆ. ಲಿಥಿಯಂ ಹಾಗಲ್ಲ, ಕೊನೆಯವರೆಗೂ ಒಂದೇ ಮುಖ ಹೊತ್ತು, ಆಮೇಲೆ ಒಳಗಿನ ಕಾವಲು ಯಂತ್ರ ಥಟ್ಟನೆ ಕತ್ತಲು ಮಾಡಿಬಿಡುತ್ತದೆ. ಆದ್ದರಿಂದ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಎಣಿಸುವ ಶಂಟ್ ಮೀಟರು ಬೇಕೇಬೇಕು.

ಈ ವರ್ಷದ ಪಂಚಮಿಗೆ ಮತ್ತೆ ಹೋದೆವು. ಅದೇ ಮಳೆ, ಅದೇ ತೋಟ. ಮೊದಲು ಮಂಗಳೂರಿನಲ್ಲಿ, ಮನೆಯ ಅಂಗಳದಲ್ಲಿಯೇ, ಒಂದು ರಾತ್ರಿ ಪೂರ್ತಿ ವ್ಯಾನಿನಲ್ಲಿ ಮಲಗಿ ಪರೀಕ್ಷಿಸಿದ ಮೇಲೆಯೇ ಭಾವನವರು ಹೊರಡಲು ಒಪ್ಪಿದ್ದು. ಆದರೂ ಅವರಿಗೆ ನಿದ್ರೆ ಬರಲಿಲ್ಲ. ನಡುರಾತ್ರಿ ನನಗೆಚ್ಚರವಾದಾಗ ಅವರು ಕತ್ತಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮೀಟರನ್ನು ನೋಡುತ್ತಿದ್ದರು.

“ಎಷ್ಟು, ಭಾವ?” ಎಂದೆ.

“ಮೂರು ಗಂಟೆ. ತೊಂಬತ್ತು” ಎಂದು ಪಿಸುನುಡಿದರು.

ಯಂತ್ರ ಮೆಲ್ಲಗೆ ಉಸುರುತ್ತಿತ್ತು. ಬೆಳಗ್ಗೆ ಆರಕ್ಕೆ ಅದು ಎಂಬತ್ತನಾಲ್ಕಕ್ಕೆ ಇಳಿದಿತ್ತು. ಮಾವನವರು ಅದಾಗಲೇ ಮುಖವಾಡ ಕಳಚಿ, ಹೆಗಲಿಗೆ ಬೈರಾಸು ಹಾಕಿಕೊಂಡು, ಮಳೆಯಲ್ಲಿಯೇ ಬಾವಿಕಟ್ಟೆಯ ಕಡೆಗೆ ಹೊರಟಿದ್ದರು. ಭಾವನವರು ಕೊಡೆ ಹಿಡಿದು ಅವರ ಹಿಂದೆ ಓಡಿದರು.