ಮೂರು ಮನೆಯ ಒಂದು ಪೆಟ್ಟಿಗೆ

ಕಳೆದ ಶ್ರಾವಣದಲ್ಲಿ, ನಾಗರ ಪಂಚಮಿಯ ಮರುದಿನ, ಗೋಕಾಕದ ಸದ್ಭಕ್ತರೊಬ್ಬರ ಮನೆಯಿಂದ ನಮಗೆ ಕರೆ ಬಂದಿತು. "ಅಯ್ಯಾರ, ಒಂದೀಟು ಬಂದು ಹೋಗ್ರಿ. ಅತ್ತಿಗಿ-ನಾದಿನ್ಯಾರ ನಡುವ ಮಾತು ನಿಂತಾವು" ಎಂದು ಮನೆಯ ಹಿರಿಯರು ಹೇಳಿ ಕಳುಹಿಸಿದ್ದರು. ಹೊಲದ ಪಾಲೋ, ತಾಯಿಯ ಬಂಗಾರವೋ ಇದ್ದೀತೆಂದು ಊಹಿಸಿಕೊಂಡೇ ನಾವು ಹೋದೆವು. ಆದರೆ ಪಡಸಾಲೆಯಲ್ಲಿ ನಮ್ಮೆದುರು ತಂದಿರಿಸಿದ್ದು ಹೊಲದ ಉತಾರವಲ್ಲ, ಬಂಗಾರವೂ ಅಲ್ಲ. ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಅದರ ತುಂಬ ಕೆಂಪು, ಹಳದಿ, ನೀಲಿ ಬಣ್ಣದ ಸಣ್ಣ ಸಣ್ಣ ಆಟದ ಇಟ್ಟಿಗೆಗಳು. ಒಂದರ ಮೇಲೊಂದನ್ನು ಒತ್ತಿದರೆ ಹಿಡಿದುಕೊಳ್ಳುವ, ಎಳೆದರೆ ಬಿಟ್ಟುಕೊಡುವ ಈ ಇಟ್ಟಿಗೆಗಳನ್ನು ಪೇಟೆಯ ಮಕ್ಕಳು 'ಲೆಗೊ' ಎಂದು ಕರೆಯುತ್ತಾರೆ.

ಸಂಗತಿ ಇಷ್ಟು. ಆ ಮನೆಯ ಮಗ ಪುಣೆಗೆ ಹೋದಾಗ ತನ್ನ ಹುಡುಗನಿಗೆಂದು 6,000 ರೂಪಾಯಿ ಕೊಟ್ಟು ಈ ಪೆಟ್ಟಿಗೆಯನ್ನು ತಂದಿದ್ದ. ಹುಡುಗ ಎರಡು ತಿಂಗಳು ಊಟ ನಿದ್ದೆ ಮರೆತು ಆಡಿದ. ಮೂರನೆಯ ತಿಂಗಳು ಪೆಟ್ಟಿಗೆ ಕಪಾಟಿನ ಮೇಲೇರಿತು. ಹಬ್ಬಕ್ಕೆ ತವರಿಗೆ ಬಂದ ಹುಕ್ಕೇರಿಯ ಮಗಳ ಹುಡುಗ ಅದನ್ನು ಕಂಡು ಹಟ ಹಿಡಿದನೆಂದು ಸೊಸೆಯೇ ಇಳಿಸಿ, "ಒಯ್ದು ಆಡಲಿ ತಗೋರಿ" ಎಂದು ಕೊಟ್ಟಳು. ಅದು ವರ್ಷದ ಮೇಲೆ ಈ ಪಂಚಮಿಗೆ ಮರಳಿ ಬಂತು. ಎಣಿಸಿ ನೋಡಿದರೆ 11 ಇಟ್ಟಿಗೆ ಕಡಿಮೆ. "ಪುಕ್ಕಟೆ ಕೊಟ್ಟದ್ದಕ್ಕ ಹಿಂಗ ಆತು" ಎಂದು ಸೊಸೆ ಅಡುಗೆಮನೆಯಲ್ಲಿ ಆಡಿದ ಮಾತು ನಾದಿನಿಯ ಕಿವಿಗೆ ಬಿತ್ತು. ಅವಳು ತಟ್ಟೆಯನ್ನು ಸರಿಸಿ ಎದ್ದವಳು ಉಂಡಿಯನ್ನೂ ಮುಟ್ಟಲಿಲ್ಲವಂತೆ. ಪಂಚಮಿಯ ದಿನ ತವರಿನ ಉಂಡಿ ಮುಟ್ಟದ ಮಗಳೆಂದರೆ ಏನೆಂಬುದನ್ನು ನಮ್ಮ ಓದುಗ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಟಿಗೆಯ ಮಾತೆಂದು ನಗುವವರು ನಗಲಿ. ಆ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕುಳಿತಾಗ ನಮಗೆ ನೆನಪಾದದ್ದು ನಾವು ಮಠದಲ್ಲಿ ಓದುತ್ತಿದ್ದ ಕಾಲದ ಪಾತ್ರೆಯ ಕೋಣೆ. ಮದುವೆ ಮುಂಜಿಗಳಿಗೆ ಊರವರು ಮಠದಿಂದ ಹಂಡೆ, ಕೊಪ್ಪರಿಗೆ, ಪರಾತ, ಸೌಟುಗಳನ್ನು ಒಯ್ಯುತ್ತಿದ್ದರು. ಅದರ ಲೆಕ್ಕದ ವಹಿ ಎರಡು ವರ್ಷ ನಮ್ಮ ಕೈಯಲ್ಲಿತ್ತು. ಒಯ್ಯುವಾಗ ಎಣಿಕೆ, ತರುವಾಗ ಎಣಿಕೆ, ಬಿರುಕು ಬಿಟ್ಟಿದೆಯೋ ಎಂದು ಬೆರಳಿನಿಂದ ಬಡಿದು ಸಪ್ಪಳ ಕೇಳುವುದು ನಮ್ಮ ಕೆಲಸ. ಬಾಡಿಗೆ ಕೆಲವೇ ಆಣೆ. ಆದರೆ ಕಡುಬಡವನಿಂದಲೂ ಅದನ್ನು ಬಿಡದೆ ಇಸಿದುಕೊಳ್ಳಬೇಕೆಂದು ಹಿರಿಯರ ಕಟ್ಟಪ್ಪಣೆ. ಆಗ ನಮಗದು ನಿಷ್ಕರುಣೆಯಾಗಿ ತೋರುತ್ತಿತ್ತು. ಒಂದು ಸಲ ಕೂಲಿಯವನೊಬ್ಬನಿಗೆ "ಬಾಡಿಗೆ ಬೇಡ, ಹೋಗಪ್ಪ" ಎಂದುಬಿಟ್ಟೆವು. ಅವನು ಮುಂದಿನ ಮದುವೆಗೆ ನಮ್ಮಲ್ಲಿಗೆ ಬರಲೇ ಇಲ್ಲ. ನೆರೆಯೂರಿನಿಂದ ಪಾತ್ರೆ ಹೊತ್ತು ತಂದನೆಂದು ಆಮೇಲೆ ತಿಳಿಯಿತು.

ಆದುದರಿಂದ ಆ ದಿನ ಬಾಡಿಗೆಯ ಮಾತನ್ನು ನಾವೇ ಎತ್ತಿದೆವು. "ಈ ಪೆಟ್ಟಿಗೆಯನ್ನು ಯಾರೂ ಯಾರಿಗೂ ದಾನ ಕೊಡುವುದು ಬೇಡ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಮನೆಯಲ್ಲಿ ಮಕ್ಕಳಿದ್ದಾರೆ. ಯಾರ ಮನೆಯಲ್ಲಿ ಪೆಟ್ಟಿಗೆ ಇರುವುದೋ ಅವರು ತಿಂಗಳಿಗೆ 40 ರೂಪಾಯಿ ಒಂದು ಡಬ್ಬಿಗೆ ಹಾಕಲಿ" ಎಂದೆವು. ಮನೆಯ ಹಿರಿಯಮ್ಮ ಹೌಹಾರಿದರು: "ಮಗಳ ಕಡಿಂದ ಬಾಡಗಿ ಇಸಗೊಳ್ಳೂದೇನ್ರೀ ಅಯ್ಯಾರ? ಊರು ಏನಂದೀತು?" ನಾವು ಉತ್ತರ ಕೊಡುವ ಮೊದಲೇ ಹುಕ್ಕೇರಿಯ ಮಗಳು ಬಾಗಿಲ ಮರೆಯಿಂದ, "ನಾ ಕೊಡ್ತೀನವ್ವ. ಕೊಟ್ಟರ ನಾ ತಲಿ ಎತ್ತಿ ಬರ್ತೀನಿ" ಎಂದಳು. ಸೊಸೆ ಮಾತಾಡಲಿಲ್ಲ, ಆದರೆ ಒಳಗೆ ಹೋಗಿ ಚಹಾ ತಂದಳು. ನಮ್ಮ ಕಡೆಯ ಮನೆಗಳಲ್ಲಿ ಅದೂ ಒಂದು ಉತ್ತರವೇ.

ಈ ಇಟ್ಟಿಗೆಗಳು ಬಾಡಿಗೆಗೆ ಯಾಕೆ ತಕ್ಕವು ಎಂಬುದನ್ನು ಸ್ವಲ್ಪ ವಿಚಾರಿಸೋಣ. ಇವುಗಳ ಮೂಲ ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರು. ಅಲ್ಲಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಎಂಬವನು 1932ರಲ್ಲಿ ಮರದ ಆಟಿಗೆಗಳನ್ನು ಮಾಡತೊಡಗಿದ. 'ಚೆನ್ನಾಗಿ ಆಡು' ಎಂಬರ್ಥದ ಡೇನಿಶ್ ಮಾತಿನಿಂದ ಲೆಗೊ ಎಂಬ ಹೆಸರು ಹುಟ್ಟಿತು. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಒಳಗೆ ಕೊಳವೆಗಳನ್ನಿರಿಸಿ ಗಟ್ಟಿಯಾಗಿ ಹಿಡಿಯುವಂತೆ ಮಾಡಿದ ಈಗಿನ ರೂಪಕ್ಕೆ ಪೇಟೆಂಟ್ ಅರ್ಜಿ ಹೋದದ್ದು 1958ರ ಜನವರಿ 28ರಂದು. ಆ ವರ್ಷ ಮಾಡಿದ ಇಟ್ಟಿಗೆ ಇಂದು ಮಾಡಿದ ಇಟ್ಟಿಗೆಯೊಡನೆ ಸರಿಯಾಗಿ ಕೂಡಿಕೊಳ್ಳುತ್ತದೆ! ಅಜ್ಜನ ಪೆಟ್ಟಿಗೆಗೆ ಮೊಮ್ಮಗನ ಪೆಟ್ಟಿಗೆ ಹೊಂದುವಂಥ ಆಟಿಗೆ ಬೇರೆ ಯಾವುದಿದೆ? ಎಂಟು ಗುಬುಟುಗಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಸವೆಯದ, ಹಳತಾಗದ ವಸ್ತುವಿದು. ಬೇಗ ಹಳತಾಗುವುದು ಒಂದು ಮಗುವಿಗೆ ಅದರ ಮೇಲಿನ ಮೋಹ ಮಾತ್ರ. ಬೆಲೆಯಾದರೋ ಸಾಮಾನ್ಯ ಸಂಸಾರಕ್ಕೆ ಎಟುಕುವಂತಿಲ್ಲ. ನಮ್ಮ ಸರಕಾರವು 2020ರಲ್ಲಿ ಹೊರದೇಶದ ಆಟಿಗೆಗಳ ಮೇಲಿನ ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿತು. ಅದರಿಂದ ದೇಶೀ ತಯಾರಕರಿಗೆ ಆಸರೆಯಾಯಿತೆಂಬುದು ನಿಜ, ತಂದೆಯ ಜೇಬಿಗೆ ಭಾರವಾಯಿತೆಂಬುದೂ ನಿಜ.

ಆಟಿಗೆಯನ್ನು ಎರವಲು ಕೊಡುವ ಪದ್ಧತಿ ಹೊಸದೂ ಅಲ್ಲ. ಜಗತ್ತಿಗೆ ದುಡ್ಡಿನ ಬರ ಬಂದಿದ್ದ ದಿನಗಳಲ್ಲಿ, 1935ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಪುಸ್ತಕದಂತೆ ಆಟಿಗೆಯನ್ನು ಒಯ್ದು ಮರಳಿಸುವ ಭಂಡಾರ ಪ್ರಾರಂಭವಾಯಿತು. 1963ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅಂಗವಿಕಲ ಮಕ್ಕಳ ತಂದೆತಾಯಿಗಳು ಕೂಡಿ ಇಂಥದೇ ಭಂಡಾರವನ್ನು ತೆರೆದರು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆಗೆ ಆಟಿಗೆ ಕಳುಹಿಸುವ ವ್ಯಾಪಾರವೇ ನಡೆದಿದೆ. ಅಷ್ಟು ದೂರವೇಕೆ, ನಮ್ಮ ತೊಟ್ಟಿಲನ್ನೇ ನೋಡಿರಿ. ಹಿಂದೆ ಪ್ರತಿ ಮನೆಯೂ ತೊಟ್ಟಿಲು ಮಾಡಿಸುತ್ತಿರಲಿಲ್ಲ. ಸಾಗುವಾನಿಯ ಒಂದು ತೊಟ್ಟಿಲು ಓಣಿಯ ಹತ್ತು ಮಕ್ಕಳನ್ನು ತೂಗಿ ಮರಳಿ ತನ್ನ ಮನೆಗೆ ಬರುತ್ತಿತ್ತು. ಕೂಡಿ ಬಳಸುವ ವಿದ್ಯೆಯಲ್ಲಿ ಈ ಸೀಮೆ ಹಿಂದುಳಿದುದಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಹುಕ್ಕೇರಿಯ ರೈತರು 1969ರಲ್ಲಿ ವಿದ್ಯುತ್ತನ್ನೇ ಸಹಕಾರಿ ಸಂಘದ ಮೂಲಕ ಹಂಚಿಕೊಳ್ಳತೊಡಗಿದರು. ದೀಪವನ್ನು ಕೂಡಿ ಹಚ್ಚಿಕೊಂಡ ಊರಿಗೆ ಒಂದು ಪೆಟ್ಟಿಗೆ ಇಟ್ಟಿಗೆ ದೊಡ್ಡದೇ?

ಆದರೆ ಎಲ್ಲ ಆಟಿಗೆಗೂ ಈ ಮಾತು ಸಲ್ಲದು. ಗೋಕಾಕದ ಜೀನಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ಬಣ್ಣ ತೀಡಿ ಮಾಡುವ ಹಣ್ಣು, ಕಾಯಿಪಲ್ಲೆ, ಗೊಂಬೆಗಳಿಗೆ ಹೆಸರಾದವರು. ಆ ಗೊಂಬೆಯನ್ನು ನೀರಲ್ಲಿ ತೊಳೆಯಲಾಗದು, ಹತ್ತು ಕೈ ತಿರುಗಿದರೆ ಬಣ್ಣ ಉಳಿಯದು. ಅದನ್ನು ಕೊಂಡೇ ಕೊಡಬೇಕು. ಅದು ಒಂದು ಮನೆಯ ಕಾಯಕ. ನಾವು ಕೊಂಡರೆ ಉಳಿಯುತ್ತದೆ, ಇಲ್ಲವಾದರೆ ಮ್ಯೂಜಿಯಮ್ಮಿನ ಕಪಾಟು ಸೇರುತ್ತದೆ. ಡೆನ್ಮಾರ್ಕಿನ ಇಟ್ಟಿಗೆಯನ್ನು ಬಾಡಿಗೆಗೆ ತಂದು ಉಳಿದ ಹಣದಲ್ಲಿ ಗೋಕಾಕದ ಒಂದು ಗೊಂಬೆ ಕೊಳ್ಳಿರೆಂದು ನಾವು ಆ ಮನೆಯವರಿಗೂ ಹೇಳಿದೆವು. ಕರದಂಟನ್ನು ಊರೂರಿಗೆ ಕಟ್ಟಿ ಕಳುಹಿಸುವವರು ಗೊಂಬೆಯನ್ನೇಕೆ ಮರೆಯುತ್ತಾರೋ ಕಾಣೆವು.

ಇನ್ನು ನಡಾವಳಿಯ ಮಾತು. 700ರಷ್ಟು ಇಟ್ಟಿಗೆಗಳನ್ನು ಪ್ರತಿ ಸಲ ಎಣಿಸುವವರು ಯಾರು? ಮೂಡಲಗಿಯ ಅಳಿಯಂದಿರದು ಕಿರಾಣಿ ಅಂಗಡಿ; ಅವರೇ ದಾರಿ ತೋರಿಸಿದರು. "ಎಣಸೂದ್ಯಾಕ್ರೀ, ತೂಗೂಣು!" ಪೆಟ್ಟಿಗೆ ಬಿಟ್ಟು ಇಟ್ಟಿಗೆಗಳನ್ನಷ್ಟೇ ಎಲೆಕ್ಟ್ರಾನಿಕ್ ತಕ್ಕಡಿಗೆ ಸುರಿದು, ಬಂದ ತೂಕವನ್ನು ವಹಿಯಲ್ಲಿ ಬರೆದು, ಒಯ್ಯುವವರು ಸಹಿ ಮಾಡುವುದೆಂದಾಯಿತು. ಕೊಡುವ ಮೊದಲು ತೊಳೆಯಬೇಕು. ಆದರೆ ಬಚ್ಚಲ ಹಂಡೆಯ ಸುಡುನೀರು ಕೂಡದು. 40 ಡಿಗ್ರಿಗಿಂತ ಬಿಸಿ ಬೇಡವೆಂದು ತಯಾರಕರೇ ಹೇಳುತ್ತಾರೆ. ಸೊಟ್ಟಗಾದ ಇಟ್ಟಿಗೆ ಇನ್ನೊಂದನ್ನು ಹಿಡಿಯದು. ಉಗುರುಬೆಚ್ಚನೆಯ ಸಾಬೂನು ನೀರಲ್ಲಿ ಅಲುಗಿಸಿ, ಬಟ್ಟೆಯ ಮೇಲೆ ನೆರಳಲ್ಲಿ ಹರವಬೇಕು. ಮೂರು ವರ್ಷದೊಳಗಿನ ಕೂಸಿರುವ ಮನೆಯಲ್ಲಿ ಪೆಟ್ಟಿಗೆ ಎತ್ತರದಲ್ಲಿರಬೇಕು. ಈ ಸಣ್ಣ ಬಿಲ್ಲೆಗಳು ಗಂಟಲಿಗೆ ಸಿಕ್ಕರೆ ತೂಕವೂ ಬಾರದು, ವಹಿಯೂ ಬಾರದು. ಈ ಒಂದು ವಿಷಯದಲ್ಲಿ ತಾಯಂದಿರು ಯಾರ ಮುಲಾಜನ್ನೂ ಇಟ್ಟುಕೊಳ್ಳಬಾರದು.

ಎಲ್ಲ ಬಗೆಹರಿಯಿತೆಂದು ನಾವು ಏಳುವ ಹೊತ್ತಿಗೆ ಹುಕ್ಕೇರಿಯ ಹುಡುಗ ಸದ್ದಿಲ್ಲದೆ ನಮ್ಮ ಬಳಿ ಬಂದು ನಿಂತ. ಎಂಟು ವರ್ಷದವನು. ಚಡ್ಡಿಯ ಕಿಸೆಯಿಂದ ನಾಲ್ಕು ತುಣುಕು ತೆಗೆದು ನಮ್ಮ ಅಂಗೈಯಲ್ಲಿಟ್ಟ: ಒಂದು ಬಿಳಿ ಕಿಟಕಿ, ಒಂದು ಬಾಗಿಲು, ಎರಡು ಕೆಂಪು ಇಟ್ಟಿಗೆ. "ಯಾಕಪ್ಪ ಮುಚ್ಚಿಟ್ಟಿ?" ಎಂದು ಕೇಳಿದೆವು. ಅವನು ನೆಲ ನೋಡುತ್ತ, "ನಾ ಕಟ್ಟಿದ ಮನೀದು ಅಜ್ಜಾರ. ಅವ್ವ ಹಬ್ಬಕ್ಕ ಒಯ್ಯಬೇಕಂತ ಮನಿ ಮುರದಳು. ಕಿಟಕಿ ಅರೆ ಇರಲಿ ಅಂತ…" ಎಂದ.

ನಾವು ಅದಕ್ಕೆ ಸಿದ್ಧರಾಗಿರಲಿಲ್ಲ. ದೊಡ್ಡವರು ತೂಕ, ಬಾಡಿಗೆ, ಸಹಿ ಎಂದು ಮೂರು ತಾಸು ಮಾತಾಡಿದ್ದೆವು. ಬಾಡಿಗೆಯ ಆಟಿಗೆಯಲ್ಲಿ ಮಗು ಕೊಡುವ ಬೆಲೆ ಯಾವುದೆಂದು ಒಬ್ಬರೂ ಕೇಳಿರಲಿಲ್ಲ. ಕೊಂಡ ಪೆಟ್ಟಿಗೆಯಾದರೆ ಕಟ್ಟಿದ ಮನೆ ವರ್ಷಗಟ್ಟಲೆ ಮಾಡದಲ್ಲಿ ನಿಲ್ಲಬಹುದು. ಬಾಡಿಗೆಯದಾದರೆ ಅವಧಿ ಮುಗಿದ ದಿನ ತನ್ನ ಕೈಯಾರೆ ಮುರಿಯಬೇಕು. ಬಿಟ್ಟುಕೊಡುವುದನ್ನು ಕಲಿಯುತ್ತಾನೆಂದು ನಾವು ಪುರಾಣದ ಕಟ್ಟೆಯ ಮೇಲಿನಿಂದ ಹೇಳಬಹುದಿತ್ತು. ಆ ಅಂಗೈಯಲ್ಲಿದ್ದ ಕಿಟಕಿಯನ್ನು ನೋಡುತ್ತ ಹಾಗೆ ಹೇಳಲು ನಾಲಗೆ ಬರಲಿಲ್ಲ.

ಎರಡು ಮಾತು ಹೊಸದಾಗಿ ಸೇರಿದವು. ಮುರಿಯುವವನು ಕಟ್ಟಿದವನೇ ಆಗಬೇಕು, ತಾಯಿಯಲ್ಲ. ಮುರಿಯುವ ಮೊದಲು ಅವನಿಗೆ ಎರಡು ದಿನ ಮುಂಚಿತವಾಗಿ ತಿಳಿಸಬೇಕು. ಎರಡನೆಯದು, ಪ್ರತಿ ಸರದಿಯ ಕೊನೆಗೆ ಆ ಮನೆಯ ಮಗು ತನಗೆ ಬೇಕಾದ ಒಂದು ತುಣುಕನ್ನು ಇಟ್ಟುಕೊಳ್ಳಬಹುದು. ಅದು ಕಳವಲ್ಲ, ವಹಿಯಲ್ಲಿ ಬರೆಯತಕ್ಕದ್ದು. ಕಳೆದ ಏಳು ಇಟ್ಟಿಗೆಗಳ ಲೆಕ್ಕವನ್ನು ಸೊಸೆ ತಾನಾಗಿಯೇ ಬಿಟ್ಟಳು. ಡಬ್ಬಿಯ ಹಣದಲ್ಲಿ ಅವನ್ನು ತುಂಬಿಕೊಂಡರಾಯಿತೆಂದು ನಾದಿನಿಯ ಕೈಗೆ ಉಂಡಿಯ ತಟ್ಟೆ ಕೊಟ್ಟಳು. ಮೊದಲ ಸರದಿ ಹುಕ್ಕೇರಿಗೇ ಹೋಯಿತು.

ದೀಪಾವಳಿಯ ಪಾಡ್ಯದ ದಿನ ಪೆಟ್ಟಿಗೆ ಹುಕ್ಕೇರಿಯಿಂದ ಮೂಡಲಗಿಗೆ ಹೊರಟಿತು. ಆ ವಾರ ಮೂಡಲಗಿಯಲ್ಲಿ ನಮ್ಮ ಪ್ರವಚನವಿದ್ದುದರಿಂದ ಕಿರಾಣಿ ಅಂಗಡಿಗೆ ಹೋಗಿ ವಹಿಯನ್ನು ಕಣ್ಣಾರೆ ನೋಡಿದೆವು. ಪಂಚಮಿಯ ಸಾಲಿನಲ್ಲಿ 1 ಕಿಲೋ 120 ಗ್ರಾಂ, ಅದರ ಕೆಳಗೆ ದೀಪಾವಳಿಯ ಸಾಲಿನಲ್ಲಿ 1 ಕಿಲೋ 115 ಗ್ರಾಂ ಎಂದು ಅಳಿಯಂದಿರ ಅಕ್ಷರವಿತ್ತು. ಪಕ್ಕದಲ್ಲಿ ಪೆನ್ಸಿಲ್ಲಿನಿಂದ, ಸಾಲು ಡೊಂಕಾದ ಹುಡುಗನ ಬರಹ: "ಕಿಟಕಿ 1. ಹುಕ್ಕೇರಿ."