ಇಳಿದ ಒತ್ತಡ, ಬಿಟ್ಟ ಮಾತ್ರೆ

ಜ್ವರ ಬಂದವನಿಗೆ ತನ್ನ ಕಾಯಿಲೆ ತಿಳಿಯುತ್ತದೆ. ಹಲ್ಲುನೋವಿನವನು ಮನೆಮಂದಿಗೆಲ್ಲ ತಿಳಿಸುತ್ತಾನೆ. ರಕ್ತದೊತ್ತಡ ಏರಿದವನಾದರೋ ಎಂದಿನಂತೆ ಉಂಡು, ಲೋಕಲ್ ಗಾಡಿಯಲ್ಲಿ ನಿಂತೇ ಪ್ರಯಾಣ ಮಾಡಿ, ಕಚೇರಿಯ ಕೆಲಸ ಮುಗಿಸಿ ಮನೆಗೆ ಮರಳುತ್ತಾನೆ. ತಲೆನೋವು, ತಲೆಸುತ್ತು, ಸಿಡುಕುತನ ಇವು ಬಿ.ಪಿ.ಯ ಲಕ್ಷಣಗಳೆಂಬ ನಂಬಿಕೆ ಮುಂಬಯಿಯ ಕನ್ನಡಿಗರಲ್ಲಿಯೂ ಬಲವಾಗಿದೆ. ವಾಸ್ತವದಲ್ಲಿ ಬಹುಮಂದಿಗೆ ಯಾವ ಲಕ್ಷಣವೂ ಕಾಣಿಸದು. ಕಾಣದಂತೆಯೇ ಅದು ವರ್ಷಗಟ್ಟಲೆ ಹೃದಯ, ಮೆದುಳು, ಮೂತ್ರಪಿಂಡ ಹಾಗೂ ಕಣ್ಣುಗಳಿಗೆ ಹಾನಿಯೆಸಗುತ್ತಿರುತ್ತದೆ. ಪಾರ್ಶ್ವವಾಯು ಬಡಿದ ದಿನವೇ ಅದರ ಮೊದಲ ಪರಿಚಯವಾಗುವುದೂ ಉಂಟು.

ಇದಕ್ಕಿಂತ ವಿಷಾದದ ಸಂಗತಿಯೆಂದರೆ, ಪತ್ತೆಯಾದ ಮೇಲೂ ಚಿಕಿತ್ಸೆಯನ್ನು ನಡುದಾರಿಯಲ್ಲಿ ಕೈಬಿಡುವುದು. ವೈದ್ಯರು ಬೇರೆ ಬೇರೆ ದಿನ ಅಳೆದು, 140/90 ಅಥವಾ ಅದಕ್ಕೂ ಮೇಲಿದೆಯೆಂದು ಖಚಿತಪಡಿಸಿಕೊಂಡು ಮಾತ್ರೆ ಬರೆದುಕೊಡುತ್ತಾರೆ. ಕೆಲವು ವಾರಗಳಲ್ಲಿ ಅಂಕಿ ಇಳಿಯುತ್ತದೆ. "ಈಗ ನಾರ್ಮಲ್ ಇದೆಯಲ್ಲ, ಇನ್ನೇಕೆ ಮಾತ್ರೆ?" ಎಂಬ ಪ್ರಶ್ನೆ ಅಲ್ಲಿಂದಲೇ ಆರಂಭ. ಕಂತು ತಪ್ಪದೆ ಕಟ್ಟುತ್ತಿದ್ದಾನೆಂದ ಮಾತ್ರಕ್ಕೆ ಸಾಲ ತೀರಿತೆಂದು ಯಾವ ಗೃಹಸ್ಥನೂ ಭಾವಿಸನು. ಮಾತ್ರೆಯ ವಿಷಯದಲ್ಲಿ ಮಾತ್ರ ಅದೇ ಗೃಹಸ್ಥನ ಲೆಕ್ಕ ಬೇರೆಯಾಗುತ್ತದೆ. ಒಮ್ಮೆ ಹಿಡಿದರೆ ಬಿಡುವಂತಿಲ್ಲ, ಆದ್ದರಿಂದ ಹಿಡಿಯದಿರುವುದೇ ಲೇಸೆಂಬ ವಾದವೂ ಇದೆ. ಬಿಟ್ಟುಹೋಗದಿರುವುದು ಕಾಯಿಲೆ, ಮಾತ್ರೆ ಚಟವಲ್ಲ. ತೂಕ ಇಳಿಸಿ, ನಿತ್ಯ ನಡೆದಾಡಿ, ಉಪ್ಪು ತಗ್ಗಿಸಿದವರಿಗೆ ಪ್ರಮಾಣ ಕಡಿಮೆಯಾಗಬಹುದು. ಆ ತೀರ್ಮಾನ ವೈದ್ಯರದು. ಅಮ್ಲೋಡಿಪಿನ್‌ನಿಂದ ಕೆಲವರ ಪಾದ ಊದಿಕೊಳ್ಳುತ್ತದೆ, ಎನಲಾಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಹೇಳಿಕೊಂಡರೆ ಬದಲಿ ಮಾತ್ರೆಯುಂಟು. ಹೇಳದೆ ಬಿಡುವವರೇ ಹೆಚ್ಚು.

"ಇಂಗ್ಲಿಷ್ ಔಷಧಿ ಉಷ್ಣ" ಎಂದು ದೂರುವವರು ಒಂದು ಸಂಗತಿಯನ್ನು ಅರಿಯಬೇಕು. ನಮ್ಮ ನಾಡಿನ ಸರ್ಪಗಂಧಿಯ ಬೇರನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಅಳೆದು ಪರೀಕ್ಷಿಸಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದವರು ಇದೇ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು. ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಹಲವು ವರ್ಷ ಲೋಕವಿಖ್ಯಾತವಾಗಿತ್ತು. ಉತ್ತಮ ಔಷಧಿಗಳು ಬಂದ ಮೇಲೆ ಹಿಂದೆ ಸರಿಯಿತು. ಬೇರಾಗಲಿ ಮಾತ್ರೆಯಾಗಲಿ, ವಕೀಲರು ನೆಚ್ಚಿದ್ದು ಅಳತೆಯನ್ನು.

ಇನ್ನು ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರಿನಿಂದ ಬರುವ ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳ ಮುಂದೆ ಈ ಮಾತು ನಿಲ್ಲುವುದು ಕಷ್ಟ. ಮಿಡಿಯನ್ನು ತ್ಯಜಿಸಿರೆಂದು ಹೇಳುವ ಧೈರ್ಯ ಯಾರಿಗಿದೆ? ನಿತ್ಯದ ತಟ್ಟೆಯಿಂದ ಹಬ್ಬದ ಎಲೆಗೆ ಅದನ್ನು ವರ್ಗಾಯಿಸಿದರೂ ಲಾಭವೇ.

ಸಂಘಗಳ ಆರೋಗ್ಯ ಶಿಬಿರಗಳೂ ಸ್ವಲ್ಪ ಬದಲಾಗಬೇಕಾಗಿದೆ. ಕಾಫಿ ಕುಡಿದು, ಮೆಟ್ಟಿಲೇರಿ ಬಂದವನನ್ನು ಗದ್ದಲದ ನಡುವೆ ನಿಲ್ಲಿಸಿ ಅಳೆದ ಅಂಕಿಗೆ ಬೆಲೆ ಅಲ್ಪ. ಐದು ನಿಮಿಷ ಮಾತಿಲ್ಲದೆ, ಬೆನ್ನಿಗೆ ಆಸರೆ ಕೊಟ್ಟು ಕುಳ್ಳಿರಿಸಿ, ತೋಳನ್ನು ಹೃದಯದ ಮಟ್ಟದಲ್ಲಿಟ್ಟು ಎರಡು ಸಲ ಅಳೆಯಬೇಕು. ವರ್ಷಕ್ಕೊಮ್ಮೆ ಇನ್ನೂರು ಜನರನ್ನು ಅಳೆದು ಫೋಟೋ ತೆಗೆಸುವುದಕ್ಕಿಂತ, ಒತ್ತಡವಿದೆಯೆಂದು ತಿಳಿದ ಇಪ್ಪತ್ತು ಸದಸ್ಯರಿಗೆ ಒಂದೊಂದು ಕಾರ್ಡು ಕೊಟ್ಟು, ವಾಚನಾಲಯ ತೆರೆದಿರುವ ಭಾನುವಾರಗಳಂದು ತಿಂಗಳಿಗೊಮ್ಮೆ ಅಳೆದು ಬರೆಯುವುದು ಮೇಲು. ಒಬ್ಬ ಸದಸ್ಯ ಎರಡು ತಿಂಗಳು ಬಾರದಿದ್ದರೆ, ವಂತಿಗೆ ವಸೂಲಿಗೆ ಹೋಗುವ ಕಾರ್ಯಕರ್ತರೇ ಅವರ ಮನೆಯಲ್ಲಿ ಮಾತ್ರೆಯ ವಿಚಾರವನ್ನೂ ಕೇಳಿ ಬರಬಹುದು.