ಬೇಸಿಗೆಯೂ ಮನೆಯ ನಳವೂ

ಚೈತ್ರ ಕಳೆದು ವೈಶಾಖ ಕಾಲಿಡುತ್ತಲೇ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಎಲ್ಲರೂ ಹುಡುಕಾಡುವ ಮನುಷ್ಯನೊಬ್ಬನಿದ್ದಾನೆ. ಆತನೇ ನಳ ರಿಪೇರಿಯವನು. ಒಂದು ಮನೆಯಲ್ಲಿ ಮಾಳಿಗೆಯ ಮೇಲಿನ ಕೊಳವೆಯ ಜೋಡಣೆ ಬಿಟ್ಟುಕೊಂಡು ಗೋಡೆ ತೊಯ್ದಿದೆ. ಇನ್ನೊಂದರಲ್ಲಿ ನಳ ತಿರುಗಿಸಿದರೆ ನೀರಿನ ಬದಲು ಬುಸ್ಸೆಂದು ಗಾಳಿ ಬರುತ್ತದೆ. ಮತ್ತೊಂದರಲ್ಲಿ ಬಚ್ಚಲಿನ ಕಿಂಡಿಯಿಂದ ಗಟಾರಿನ ನಾತ ಒಳನುಗ್ಗುತ್ತದೆ. ‘ಎಲ್ಲವೂ ಬಿಸಿಲಿನ ಪ್ರತಾಪ’ ಎಂದು ಹೇಳಿ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಮಾತು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ತಿಳಿಯದೆ ಇರುವುದರಿಂದ ನಮ್ಮ ಹಣಕ್ಕೂ, ಅದಕ್ಕಿಂತ ಹೆಚ್ಚಾಗಿ ನಮ್ಮ ಆರೋಗ್ಯಕ್ಕೂ ಹಾನಿಯಾಗುತ್ತಿದೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಬಿಸಿಲಿನ ಪಾಲಿಗೆ ಸೇರಿದ ಅರ್ಧವನ್ನೇ ನೋಡೋಣ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡಿಗೆ ಏರುವುದು ಈ ಭಾಗದಲ್ಲಿ ಅಪರೂಪವಲ್ಲ. ನೆರಳಿನ ಗಾಳಿಯೇ ಅಷ್ಟು ಕಾದಿರುವಾಗ, ಮಾಳಿಗೆಯ ಮೇಲೆ ಬಿಸಿಲಿಗೆ ಒಡ್ಡಿಕೊಂಡ ಕೊಳವೆ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ರಾತ್ರಿಯಾದರೆ ಪುನಃ ತಣಿಯುತ್ತದೆ. ಕಾದ ವಸ್ತು ಹಿಗ್ಗುತ್ತದೆ, ತಣಿದ ವಸ್ತು ಕುಗ್ಗುತ್ತದೆಂದು ಪ್ರೌಢಶಾಲೆಯ ಪಠ್ಯದಲ್ಲಿ ಎಲ್ಲರೂ ಓದಿದ್ದಾರೆ. ರೈಲು ಕಂಬಿಗಳ ನಡುವೆ ಸಂದು ಬಿಡುವ ಉದಾಹರಣೆಯೂ ಎಲ್ಲರಿಗೂ ಬಾಯಿಪಾಠ. ಆದರೆ ಅದೇ ನಿಯಮ ನಮ್ಮ ಮಾಳಿಗೆಯ ಮೇಲೆ ದಿನವೂ ನಡೆಯುತ್ತಿದೆಯೆಂದು ನೆನೆಯುವವರು ವಿರಳ.

ಲೆಕ್ಕ ಹಾಕಿ ನೋಡೋಣ. ಕಬ್ಬಿಣದ ಕೊಳವೆ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗಿದರೆ, ಪಿ.ವಿ.ಸಿ. ಕೊಳವೆ ಸುಮಾರು 65 ಪಾಲು ಹಿಗ್ಗುತ್ತದೆ. ಹಗಲಿಗೂ ಇರುಳಿಗೂ ಕೊಳವೆಯ ಉಷ್ಣತೆಯಲ್ಲಿ 30 ಡಿಗ್ರಿಯ ಅಂತರವಿದ್ದಿತೆನ್ನೋಣ. 10 ಮೀಟರ್ ಉದ್ದದ ಕಬ್ಬಿಣದ ಕೊಳವೆಯಲ್ಲಿ ಆಗುವ ಬದಲಾವಣೆ 4 ಮಿಲಿಮೀಟರಿಗೂ ಕಡಿಮೆ. ಅಷ್ಟೇ ಉದ್ದದ ಪಿ.ವಿ.ಸಿ. ಕೊಳವೆಯಲ್ಲಿ ಸುಮಾರು 2 ಸೆಂಟಿಮೀಟರ್. ಕೊಳವೆಯ ಎರಡು ತುದಿಗಳನ್ನೂ ಸಿಮೆಂಟಿನಿಂದ ಬಿಗಿದಿದ್ದರೆ ಈ 2 ಸೆಂಟಿಮೀಟರು ಎಲ್ಲಿಗೆ ಹೋಗಬೇಕು? ಕೊಳವೆ ಬಿಲ್ಲಿನಂತೆ ಬಾಗುತ್ತದೆ, ಮೂಲೆಯ ಜೋಡಣೆಯನ್ನು ಜಗ್ಗುತ್ತದೆ. ದಿನಕ್ಕೊಮ್ಮೆಯಂತೆ ಎರಡು ಮೂರು ತಿಂಗಳು ಹೀಗೆ ಜಗ್ಗಾಡಿದ ಜೋಡಣೆ ಒಂದು ದಿನ ಬಿಟ್ಟುಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಭಾರತೀಯ ಮಾನಕದಲ್ಲಿ ಪಿ.ವಿ.ಸಿ. ಕೊಳವೆ ತಾಳಬಲ್ಲ ಒತ್ತಡವನ್ನು ಹೇಳಿರುವುದು 27 ಡಿಗ್ರಿ ಉಷ್ಣತೆಗೆ. ಅದಕ್ಕಿಂತ ಹೆಚ್ಚು ಕಾದಂತೆ ಅದರ ತಾಳುವ ಶಕ್ತಿ ಇಳಿಯುತ್ತ ಹೋಗುತ್ತದೆ. ಬಿಸಿಲಿನಲ್ಲಿರುವ ನೇರಿಳಾತೀತ ಕಿರಣಗಳು ಅದನ್ನು ವರ್ಷದಿಂದ ವರ್ಷಕ್ಕೆ ಪೆಡಸಾಗಿಸುತ್ತವೆ. ಹೀಗೆ ಕೊಳವೆ ಹೆಚ್ಚು ಜಗ್ಗಾಟಕ್ಕೆ ಸಿಕ್ಕುವ ಕಾಲವೇ ಅದು ದುರ್ಬಲವಾಗಿರುವ ಕಾಲವೂ ಆಗಿರುತ್ತದೆ.

ನೆಲದೊಳಗಿನ ಕೊಳವೆಗೆ ಬಿಸಿಲು ತಾಗದು, ಅದು ಸುರಕ್ಷಿತವಲ್ಲವೆ ಎಂದು ಯಾರಾದರೂ ಕೇಳಬಹುದು. ಬಾದಾಮಿಯ ಕೆಂಪು ಮರಳುಗಲ್ಲಿನ ಆಸುಪಾಸಿನ ಮಸಾರಿ ನೆಲದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಹುನಗುಂದದ ಕಡೆಯ ಎರೆಭೂಮಿಯಲ್ಲಿ ಹಾಗಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ. ಒಣಗಿದಾಗ ಕುಗ್ಗಿ, ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಹೊಲದಲ್ಲಿ ಬಿರುಕು ಬಿಡುವ ಮಣ್ಣು ಊರಿನ ಬೀದಿಯ ಕೆಳಗೆ ಸುಮ್ಮನಿರುವುದಿಲ್ಲ. ಅದು ಕುಗ್ಗುವಾಗ ತನ್ನೊಳಗೆ ಹುದುಗಿದ ಕೊಳವೆಯನ್ನು ಒಂದು ಕಡೆ ಹಿಡಿದು, ಮತ್ತೊಂದು ಕಡೆ ಆಸರೆ ತಪ್ಪಿಸುತ್ತದೆ. ಆಗ ಎಲ್ಲಿಯೋ ಒಂದು ಸಂದು ತೆರೆಯುತ್ತದೆ. ಆ ಸಂದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದರಿಂದಾಗುವ ಅನರ್ಥದ ವಿಚಾರಕ್ಕೆ ಮುಂದೆ ಬರುತ್ತೇವೆ.

ಇನ್ನು ನೀರಿನ ಗುಣ. ಬಾಗಲಕೋಟೆ, ಲೋಕಾಪುರಗಳ ಸುತ್ತ ನೆಲದಡಿಯಲ್ಲಿರುವ ಕಲಾದಗಿ ಶಿಲಾಸಮೂಹದಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ. ಇಂತಹ ಕಲ್ಲಿನ ನಡುವೆ ಹಾದುಬರುವ ನೀರು ಇಂಗಾಲದ ಡೈಆಕ್ಸೈಡಿನ ಸಹಾಯದಿಂದ ಸುಣ್ಣದ ಅಂಶವನ್ನು ಕರಗಿಸಿಕೊಂಡು ಬರುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ತಾತ್ಕಾಲಿಕ ಗಡಸುತನವೆಂದು ಓದುವುದು ಇದನ್ನೇ. ಬೇಸಿಗೆಯಲ್ಲಿ ಹೊಳೆಯ ನೀರು ಸಾಲದೆ ಕೊಳವೆಬಾವಿಯ ನೀರಿನ ಬಳಕೆ ಹೆಚ್ಚುತ್ತದೆ. ಆ ನೀರು ಮಾಳಿಗೆಯ ಮೇಲಿನ ಕಪ್ಪು ಟಾಕಿಯಲ್ಲಿ ದಿನವಿಡೀ ಕಾಯುತ್ತದೆ. ಕಾದ ನೀರಿನಲ್ಲಿ ಅನಿಲಗಳು ನಿಲ್ಲಲಾರವು. ಸಾಧಾರಣ ವಾಯುಭಾರದಷ್ಟು ಇಂಗಾಲದ ಡೈಆಕ್ಸೈಡಿನ ಒತ್ತಡವಿದ್ದಾಗ 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಅದು ಸುಮಾರು 1.7 ಗ್ರಾಂ ಕರಗಿದರೆ, 40 ಡಿಗ್ರಿಯಲ್ಲಿ ಸುಮಾರು 1 ಗ್ರಾಂ ಮಾತ್ರ ಕರಗುತ್ತದೆ. ಅನಿಲ ಹೊರಟುಹೋದಾಗ ಸುಣ್ಣವು ಕ್ಯಾಲ್ಸಿಯಮ್ ಕಾರ್ಬೋನೇಟಾಗಿ ಹೊರಬಿದ್ದು ಟಾಕಿಯ ತಳದಲ್ಲಿ, ನಳದ ಬಾಯಿಯಲ್ಲಿ, ಜಳಕದ ಜಾಲರಿಯಲ್ಲಿ ಬಿಳಿಯ ಹೆಪ್ಪಾಗಿ ಕೂಡುತ್ತದೆ. ಹೆಪ್ಪುಗಟ್ಟಿದ ನಳ ಸರಿಯಾಗಿ ಮುಚ್ಚಿಕೊಳ್ಳದು. ಮುಚ್ಚಿಕೊಳ್ಳದ ನಳವನ್ನು ನಾವು ಬಲವಾಗಿ ತಿರುಗಿಸುತ್ತೇವೆ. ಒಳಗಿನ ವಾಶರು ಹರಿದುಹೋಗುತ್ತದೆ. ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕುವ ನಳವೊಂದು ದಿನಕ್ಕೆ ಸುಮಾರು 4 ಲೀಟರ್ ನೀರನ್ನು ಪೋಲು ಮಾಡುತ್ತದೆ. ನೀರಿಗೆ ಕೊಡ ಹಿಡಿದು ಸರದಿ ನಿಲ್ಲುವ ಕಾಲದಲ್ಲಿ ಇದು ಚಿಕ್ಕ ನಷ್ಟವಲ್ಲ.

ಇಲ್ಲಿಯವರೆಗೆ ಹೇಳಿದ್ದು ಪ್ರಕೃತಿಯ ನಿಯಮಗಳ ಮಾತು. ಈಗ ಮನುಷ್ಯರ ಪಾಲಿಗೆ ಬರೋಣ.

ಬೇಸಿಗೆಯಲ್ಲಿ ನಳಕ್ಕೆ ನೀರು ಬಿಡುವ ದಿನಗಳ ಅಂತರ ಹೆಚ್ಚುತ್ತದೆ. ನಡುವಿನ ದಿನಗಳಲ್ಲಿ ಕೊಳವೆಯಲ್ಲಿ ನೀರಿನ ಬದಲು ಗಾಳಿ ತುಂಬಿರುತ್ತದೆ. ಬೀಗಮುದ್ರೆಯನ್ನು ಥಟ್ಟನೆ ತೆರೆದು ನೀರು ಬಿಟ್ಟಾಗ ಆ ಗಾಳಿ ಅರೆತೆರೆದ ನಳಗಳಿಂದ ಸುಲಭವಾಗಿ ನುಸುಳಿಹೋಗುತ್ತದೆ. ಅದರ ಹಿಂದೆಯೇ ನೀರು ವೇಗವಾಗಿ ಓಡಿಬರುತ್ತದೆ. ಗಾಳಿ ಮುಗಿದು ನೀರು ನಳದ ಕಿರಿದಾದ ಬಾಯಿಗೆ ತಲುಪಿದೊಡನೆ ಅದರ ಓಟಕ್ಕೆ ತಡೆ ಬೀಳುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರು ಕಬ್ಬಿಣದ ಕೊಳವೆಯಲ್ಲಿ ಒಮ್ಮೆಲೇ ನಿಂತರೆ ಚದರ ಸೆಂಟಿಮೀಟರಿಗೆ ಸುಮಾರು 12 ಕಿಲೋಗ್ರಾಂ ಒತ್ತಡ ಹೆಚ್ಚಾಗಿ ಬೀಳುತ್ತದೆ, ಪಿ.ವಿ.ಸಿ.ಯಲ್ಲಿ ಸುಮಾರು 4. ಹತ್ತು ಮೀಟರ್ ಎತ್ತರದ ನೀರಿನ ಕಂಬ ಕೊಡುವ ಒತ್ತಡ ಕೇವಲ 1 ಕಿಲೋಗ್ರಾಂ ಎಂಬುದನ್ನು ನೆನೆದರೆ ಈ ಹೊಡೆತದ ಬಲ ತಿಳಿಯುತ್ತದೆ. ಕೊಳವೆಯೊಳಗೆ ಸುತ್ತಿಗೆ ಬಡಿದಂತೆ ಕೇಳುವ ಸದ್ದು ಇದರದೇ.

ಹೊರಹೋಗುವ ಕೊಳವೆಗಳಿಗೆ ಬರುವ ಕೇಡು ಇದಕ್ಕೆ ವಿರುದ್ಧವಾದದ್ದು. ಅಲ್ಲಿ ತೊಂದರೆ ಕೊಡುವುದು ನೀರಿನ ಕೊರತೆ. ಬಚ್ಚಲಿನ ಕೆಳಗೆ ಬಾಗಿದ ಕೊಳವೆಯಲ್ಲಿ ಸ್ವಲ್ಪ ನೀರು ಸದಾ ನಿಂತಿದ್ದು, ಗಟಾರಿನ ಗಾಳಿ ಮನೆಯೊಳಕ್ಕೆ ಬಾರದಂತೆ ತಡೆಯುತ್ತದೆ. ರಜೆಯಲ್ಲಿ ಮನೆಗೆ ಬೀಗ ಹಾಕಿ ಹಳ್ಳಿಗೆ ಹೋದವರ ಬಚ್ಚಲಿನಲ್ಲಿ ಈ ನೀರು ಆವಿಯಾಗಿ ಹೋಗುತ್ತದೆ. ಹಿಂದಿರುಗಿದಾಗ ನಾತವೂ ಜಿರಲೆಗಳೂ ಸ್ವಾಗತಿಸುತ್ತವೆ. ಒಂದು ತಂಬಿಗೆ ನೀರು ಸುರಿದರೆ ನಿವಾರಣೆಯಾಗುವ ಈ ದೋಷಕ್ಕೆ ನೆಲ ಅಗೆಸಿದವರೂ ಇದ್ದಾರೆ.

ಎಲ್ಲಕ್ಕಿಂತ ಗಂಭೀರವಾದ ಸಂಗತಿಯನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೇವೆ. ಅದು ನಳಕ್ಕೆ ನೇರವಾಗಿ ಮೋಟಾರು ಹಚ್ಚುವ ಪದ್ಧತಿ. ನೀರು ಸಣ್ಣಗೆ ಬರುತ್ತದೆಂದು ಒಬ್ಬರು ಮೋಟಾರು ಹಚ್ಚುತ್ತಾರೆ, ಅದರಿಂದ ಪಕ್ಕದವರ ನಳ ಒಣಗುತ್ತದೆ, ಅವರೂ ಹಚ್ಚುತ್ತಾರೆ. ಮೋಟಾರು ನೀರನ್ನು ಹುಟ್ಟಿಸಲಾರದು, ನೆರೆಯವರ ಪಾಲನ್ನು ಎಳೆಯಬಲ್ಲದು ಅಷ್ಟೆ. ಇದು ನಿಯಮಕ್ಕೆ ವಿರುದ್ಧ. ಅಷ್ಟೇ ಆಗಿದ್ದರೆ ನೆರೆಹೊರೆಯ ಜಗಳವೆಂದು ಬಿಡಬಹುದಿತ್ತು. ಆದರೆ ಮೋಟಾರು ಹೀರುವಾಗ ಬೀದಿಯ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತಲೂ ಕೆಳಗಿಳಿಯಬಹುದು. ಬೇಸಿಗೆಯಲ್ಲಿ ತೆರೆದುಕೊಂಡ ಆ ಕಾಣದ ಸಂದುಗಳಿಂದ ಆಗ ನೀರು ಹೊರಗೆ ಸೋರುವುದಿಲ್ಲ. ಹೊರಗಿನ ಕೊಳಚೆಯೇ ಒಳಕ್ಕೆ ಸೇರುತ್ತದೆ. ಕೊಳವೆಯ ಪಕ್ಕದಲ್ಲಿ ಗಟಾರು ಹರಿಯುತ್ತಿದ್ದರೆ ಒಳಸೇರುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದು ಬರಿಯ ಊಹೆಯಲ್ಲ. ನಮಗೆ ಸಮೀಪದ ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ಬಡಾವಣೆಗಳಿಗೆ 2008ರಿಂದ ದಿನದ 24 ಗಂಟೆಯೂ ನೀರು ಬರತೊಡಗಿತು. ಉಳಿದೆಡೆ ಕೆಲವು ದಿನಗಳಿಗೊಮ್ಮೆ ಬಿಡುವ ಪದ್ಧತಿಯೇ ಮುಂದುವರಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕಿಯರು ಎರಡೂ ಕಡೆಯ ನಳದ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲದ ಸಂಪರ್ಕವನ್ನು ಸೂಚಿಸುವ ಈ. ಕೋಲಿ ಬ್ಯಾಕ್ಟೀರಿಯಾ ಸದಾ ನೀರಿದ್ದ ನಳಗಳ ಮಾದರಿಗಳಲ್ಲಿ ನೂರಕ್ಕೆ 0.7ರಲ್ಲಿ ಮಾತ್ರ ಕಂಡುಬಂತು. ಬಿಟ್ಟು ಬಿಟ್ಟು ನೀರು ಬರುವ ನಳಗಳಲ್ಲಿ ನೂರಕ್ಕೆ 31.7ರಲ್ಲಿ ಕಂಡುಬಂತು. ಬಿಟ್ಟು ಬಿಟ್ಟು ಬರುವ ನೀರು ಒಣ ದಿನಗಳಿಗಿಂತ ಮಳೆಗಾಲದಲ್ಲಿ ಇನ್ನೂ ಹೆಚ್ಚು ಕೆಟ್ಟಿತ್ತೆಂಬುದು ವಿಶೇಷವಾಗಿ ಗಮನಿಸಬೇಕಾದ ಅಂಶ. ಬೇಸಿಗೆಯಲ್ಲಿ ಬಾಯಿಬಿಟ್ಟ ಸಂದನ್ನು ಹಾಗೆಯೇ ಬಿಟ್ಟರೆ, ಮೊದಲ ಮಳೆಯ ಕೊಳಚೆ ಅದರ ಮೂಲಕ ದಾರಿ ಮಾಡಿಕೊಳ್ಳದೆ ಬಿಡುವುದೇ? ಬೇಸಿಗೆಯಲ್ಲಿ ಮಾಡಿದ ಅಲಕ್ಷ್ಯದ ಸಾಲವನ್ನು ಮಳೆಗಾಲದಲ್ಲಿ ಮಕ್ಕಳ ವಾಂತಿಭೇದಿಯ ರೂಪದಲ್ಲಿ ತೀರಿಸಬೇಕಾದೀತೆಂಬುದೇ ನಮ್ಮ ಆತಂಕ.

‘ದಿನಗಟ್ಟಲೆ ಕಾದು ಬಂದ ನೀರನ್ನು ಮೋಟಾರಿಲ್ಲದೆ ಮಾಳಿಗೆಗೆ ಏರಿಸುವುದು ಹೇಗೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ನೆಲಮಟ್ಟದಲ್ಲಿ ಮುಚ್ಚಳವಿರುವ ತೊಟ್ಟಿಯೊಂದಿದ್ದು, ಬೀದಿಯ ನೀರು ತನ್ನಷ್ಟಕ್ಕೆ ಅದರಲ್ಲಿ ತುಂಬಲಿ. ಆ ತೊಟ್ಟಿಯಿಂದ ಮೋಟಾರು ನೀರನ್ನು ಮೇಲೆತ್ತಲಿ. ಹೀಗೆ ಮಾಡಿದರೆ ನೆರೆಯವರ ಪಾಲು ಉಳಿಯುತ್ತದೆ, ಬೀದಿಯ ಕೊಳವೆಯ ಒತ್ತಡವೂ ಕುಸಿಯುವುದಿಲ್ಲ. ತೊಟ್ಟಿ ಕಟ್ಟುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲವೆಂಬುದು ನಿಜ. ಆದುದರಿಂದಲೇ ಹೊಣೆಯನ್ನೆಲ್ಲ ಮನೆಯವರ ಮೇಲೆ ಹೊರಿಸುವುದು ಸರಿಯಲ್ಲ. ನೀರು ಬಿಡುವ ವೇಳೆಯನ್ನು ಮುಂಚಿತವಾಗಿ ಸಾರುವುದು, ಬೀಗಮುದ್ರೆಯನ್ನು ನಿಧಾನವಾಗಿ ತೆರೆಯುವುದು, ಎತ್ತರದ ಜಾಗಗಳಲ್ಲಿ ಗಾಳಿ ಹೊರಹೋಗುವ ಬಾಯಿಗಳನ್ನಿಡುವುದು, ಗಟಾರಿನ ಪಕ್ಕದ ಕೊಳವೆಗಳನ್ನು ಬೇಸಿಗೆಗೆ ಮುಂಚೆಯೇ ಪರೀಕ್ಷಿಸುವುದು ಪುರಸಭೆ ನಗರಸಭೆಗಳ ಕರ್ತವ್ಯ. ಊರಿನ ಒಂದು ಭಾಗವನ್ನೇ ಆಲಮಟ್ಟಿಯ ಹಿನ್ನೀರಿಗೆ ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡ ಬಾಗಲಕೋಟೆಯ ಜನ ಶುದ್ಧವಾದ ನೀರನ್ನು ಕೇಳುವುದು ಅತಿಯಾಸೆಯೆನಿಸದು.

ಹುನಗುಂದದ ಎರೆಭೂಮಿಯ ರೈತರು ಹೊಲಕ್ಕೆ ಒಡ್ಡು ಹಾಕಿ ಮಳೆಯ ನೀರನ್ನು ಹಿಡಿಯುವುದರಲ್ಲಿ ಹೆಸರಾದವರು. ಮಳೆ ಬಂದ ಮೇಲೆ ಒಡ್ಡು ಸರಿಪಡಿಸಲು ಹೊರಡುವ ರೈತನನ್ನು ಯಾರೂ ಜಾಣನೆನ್ನುವುದಿಲ್ಲ. ಅಂತೆಯೇ ನಳದ ದುರಸ್ತಿಗೆ ತಕ್ಕ ಕಾಲ ವೈಶಾಖವಲ್ಲ, ಮಾಘ. ಶಿವರಾತ್ರಿಯ ಒಳಗೆ ಟಾಕಿಯನ್ನು ತೊಳೆದು ನೆರಳು ಮಾಡಿ, ಸವೆದ ವಾಶರುಗಳನ್ನು ಬದಲಿಸಿ, ಮಾಳಿಗೆಯ ಕೊಳವೆಗೆ ಸುಣ್ಣವನ್ನೋ ಬಿಳಿಯ ಬಣ್ಣವನ್ನೋ ಬಳಿದು, ಅದು ಹಿಗ್ಗಲು ಒಂದು ಬಾಗನ್ನು ಬಿಟ್ಟರೆ ಬೇಸಿಗೆಯ ಅರ್ಧ ತೊಂದರೆ ತಪ್ಪಿದಂತೆಯೇ. ಬಹಳ ದಿನಗಳ ಮೇಲೆ ನೀರು ಬಂದಾಗ ಮೊದಲ ಒಂದೆರಡು ಕೊಡಗಳನ್ನು ಗಿಡಗಳಿಗೆ ಹಾಕಿ, ಆಮೇಲಿನ ನೀರನ್ನು ಕುದಿಸಿ ಕುಡಿಯುವುದು ಲೇಸು.

ಈ ಕೆಲಸಕ್ಕೆ ನಾವು ವಿದ್ಯಾರ್ಥಿಗಳನ್ನೇ ಕರೆಯುತ್ತೇವೆ. ನಳದ ಬಾಯಿಯ ಬಿಳಿಯ ಹೆಪ್ಪನ್ನು ಕೆರೆದು ಅದರ ಮೇಲೆ ನಿಂಬೆಯ ರಸ ಹಿಂಡಿರಿ. ಏಳುವ ಗುಳ್ಳೆಗಳು ಕಾರ್ಬೋನೇಟಿನ ಗುರುತನ್ನು ಹೇಳುತ್ತವೆ. ಹೊಳೆಯ ನೀರಿಗೂ ಕೊಳವೆಬಾವಿಯ ನೀರಿಗೂ ಅಷ್ಟಷ್ಟೇ ಸಾಬೂನು ಹಾಕಿ ಅಲುಗಿಸಿ, ನೊರೆಯನ್ನು ಹೋಲಿಸಿರಿ. ತೊಟ್ಟಿಕ್ಕುವ ನಳದ ಕೆಳಗೆ ಒಂದು ಗಂಟೆ ಲೋಟವಿಟ್ಟು ಅಳೆದು, 24ರಿಂದ ಗುಣಿಸಿರಿ. ಬಂದ ಅಂಕಿಯನ್ನು ತಂದೆತಾಯಿಗಳಿಗೂ ಓಣಿಯ ಹಿರಿಯರಿಗೂ ತೋರಿಸಿರಿ. ಪರೀಕ್ಷೆಯಲ್ಲಿ ವ್ಯಾಕೋಚನ ಗುಣಾಂಕವನ್ನು ತಪ್ಪಿಲ್ಲದೆ ಬರೆದವನ ಮನೆಯಲ್ಲಿಯೇ ಕೊಳವೆ ಒಡೆದು, ಕಾರಣ ತಿಳಿಯದೆ ಬಿಸಿಲನ್ನು ಬಯ್ಯುತ್ತ ಕುಳಿತರೆ ಆ ವಿದ್ಯೆಯಿಂದ ಪ್ರಯೋಜನವೇನು? ಬಿಸಿಲನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಸಂದನ್ನು ಮುಚ್ಚುವುದೂ, ಮೋಟಾರನ್ನು ಬೀದಿಯ ನಳದಿಂದ ಬಿಡಿಸುವುದೂ ಖಂಡಿತವಾಗಿ ನಮ್ಮ ಕೈಯಲ್ಲಿವೆ.